ಆರು ಪುಸ್ತಕ, ಒಂದು ಹೆಬ್ಬೆಟ್ಟು

"ಅವ್ವಾ, ಮಲಗ್ಬುಟ್ಟೆಯಾ?"

"ಇಲ್ಲ ಕಣವ್ವ. ಕೇಳ್ತಾ ಇವ್ನಿ. ಓದು."

"ಎಲ್ಲೀಗಂಟ ಓದಿದ್ದೆ, ಯೋಳು ನೋಡನ?"

ಹೊಂಗೆಮರದ ಬುಡಕ್ಕೆ ಒರಗಿ ಕೂತಿದ್ದ ಅವ್ವನ ತಲೆ ಮೆಲ್ಲಗೆ ಭುಜದ ಮೇಲೆ ಬಿತ್ತು. ಬಾಯಿ ಅರ್ಧ ತೆರೆದಿತ್ತು. ಒಂದು ನೊಣ ಬಂದು ಕೆನ್ನೆಯ ಮೇಲೆ ಕೂತರೂ ಅವಳಿಗೆ ಗೊತ್ತಾಗಲಿಲ್ಲ.

ಬೆಟ್ಟಿ ಪುಸ್ತಕ ಮುಚ್ಚಿದಳು. ಇವತ್ತೂ ಮೂರೇ ಪುಟ. ನಿನ್ನೆಯೂ ಮೂರು, ಮೊನ್ನೆ ಎರಡು. ಹೀಗೆ ಓದಿದರೆ ಆರು ಪುಸ್ತಕ ಮುಗಿಯುವ ಹೊತ್ತಿಗೆ ತನಗೆ ಮದುವೆಯೇ ಆಗಿಬಿಡುತ್ತದೆ ಅನ್ನಿಸಿ ಅವಳಿಗೆ ಅಳು ಬಂತು.

ಬೆಟ್ಟಿಯ ಪೂರ್ತಿ ಹೆಸರು ಬೆಟ್ಟಮ್ಮ. ಹೊಳೆನರಸೀಪುರದ ಸ್ಕೂಲಿನಲ್ಲಿ ಐದನೇ ಕ್ಲಾಸು. ಅಪ್ಪ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದ. ಇನ್ನು ಅವನು ಬರುವುದು ಯುಗಾದಿಗೇ. ಅವ್ವ ಮಾರಮ್ಮನಿಗೆ ಹಾಸನದ ರಸ್ತೆಯಲ್ಲಿದ್ದ ಅಕ್ಕಿ ಗಿರಣಿಯಲ್ಲಿ ಕೂಲಿ. ಕುಸುಬಲಕ್ಕಿಗೆ ಬತ್ತ ಬೇಯಿಸಬೇಕಲ್ಲ, ಅದಕ್ಕೆ ಕೋಳಿ ಕೂಗುವ ಮೊದಲೇ ಅವ್ವ ಮನೆ ಬಿಡುತ್ತಿದ್ದಳು. ಬೆಂದ ಬತ್ತವನ್ನು ಗಿರಣಿಯ ಹಿಂದಿನ ಗಾರೆ ಕಣದಲ್ಲಿ ಹರಡಿ, ಅರ್ಧ ಗಂಟೆಗೊಮ್ಮೆ ಕಾಲಾಡಿಸಬೇಕು. ಅಂದರೆ, ಬರಿಗಾಲನ್ನು ಎಳೆಯುತ್ತಾ ಬತ್ತದ ಮೇಲೆ ಉದ್ದಕ್ಕೆ ನಡೆದು ಹೋಗುವುದು. ಕಾಲು ಹೋದ ಕಡೆ ಸಾಲು ಬೀಳುತ್ತದೆ, ಕೆಳಗಿನ ಬತ್ತ ಮೇಲೆ ಬರುತ್ತದೆ. ಒಂದು ಸಲ ತಪ್ಪಿದರೂ ಬತ್ತ ಒಂದೇ ಸಮ ಒಣಗದೆ ಅಕ್ಕಿ ನುಚ್ಚಾಗುತ್ತದೆ. ಆಗ ಗಿರಣಿಯ ಮೇಸ್ತ್ರಿ ಚಲುವಯ್ಯನ ಬಾಯಿಗೆ ಬೀಗ ಹಾಕುವವರು ಯಾರೂ ಇರುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಸ್ಕೂಲು ಬಿಟ್ಟಾಗ ಬೆಟ್ಟಿ ಮನೆಗೆ ಓಡಿ, ಬೆಳಿಗ್ಗೆಯೇ ಮಾಡಿಟ್ಟ ಮುದ್ದೆ ತೆಗೆದುಕೊಂಡು ಗಿರಣಿಗೆ ಬರುತ್ತಿದ್ದಳು. ಅವ್ವ ಉಂಡು ಒಂದು ಚಣ ಕೂರುವುದು ಆಗ ಮಾತ್ರ. ಕೂತಳೋ ಇಲ್ಲವೋ, ನಿದ್ದೆ.

ಈ ಎಲ್ಲ ಫಜೀತಿಗೂ ಕಾರಣ ಆ ವ್ಯಾನು.

ಮೂರು ವಾರದ ಹಿಂದೆ ಬೂದು ಬಣ್ಣದ ದೊಡ್ಡ ವ್ಯಾನೊಂದು ಸ್ಕೂಲಿನ ಮುಂದೆ ಬಂದು ನಿಂತಿತ್ತು. ಒಳಗೆಲ್ಲ ಪುಸ್ತಕ! ಅಮೆರಿಕದವರು ಕಳಿಸಿದ್ದು ಅಂತ ಚಂದ್ರಶೇಖರಯ್ಯ ಮೇಷ್ಟ್ರು ಹೇಳಿದರು. ವ್ಯಾನಿನವರು ಒಂದು ಓದುವ ಪಂದ್ಯ ಹೇಳಿ ಹೋದರು. ಆರು ಪುಸ್ತಕ, ಎಲ್ಲವೂ ಕನ್ನಡದಲ್ಲೇ, ತೆಳ್ಳಗೆ, ದಪ್ಪ ಅಕ್ಷರ, ನಡುನಡುವೆ ಚಿತ್ರ. ಎಲ್ಲವೂ ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ಕೈಕೆಳಗಿದ್ದ ಕಾಲದ ಕತೆಗಳು. "ನಾವೂ ಮೊನ್ನೆಮೊನ್ನೆವರೆಗೆ ಅದೇ ಇಂಗ್ಲೆಂಡಿನವರ ಕೈಕೆಳಗೇ ಇದ್ವಲ್ಲ, ಅದಕ್ಕೇ ನಮಗೂ ಅರ್ಥ ಆಗುತ್ತೆ, ಓದಿ" ಅಂದರು ಮೇಷ್ಟ್ರು.

ಆರೂ ಓದಿದವರಿಗೆ ಒಂದು ಪುಸ್ತಕ ಸ್ವಂತಕ್ಕೆ. ಅದರ ಜೊತೆಗೆ ಆ ವ್ಯಾನಿನಲ್ಲೇ ಕೂತು ಹಾಸನಕ್ಕೆ ಹೋಗಿ, ಸಿನಿಮಾ ನೋಡಿಕೊಂಡು ಬರುವುದು.

ಬೆಟ್ಟಿ ಹಾಸನ ನೋಡಿರಲಿಲ್ಲ. ಸ್ವಂತಕ್ಕೆ ಒಂದು ಪುಸ್ತಕ ಅಂತ ಅವಳ ಹತ್ತಿರ ಯಾವತ್ತೂ ಇರಲಿಲ್ಲ. ಪಾಠದ ಪುಸ್ತಕವನ್ನೂ ಮೇಲಿನ ಕ್ಲಾಸಿನವರಿಂದ ಈಸಿಕೊಂಡು ಓದುತ್ತಿದ್ದಳು. ಅದಕ್ಕೆ ಮೊದಲ ಪುಟವೂ ಇರಲಿಲ್ಲ, ಕೊನೆಯ ಪಾಠವೂ ಇರಲಿಲ್ಲ.

ಪಂದ್ಯಕ್ಕೆ ಒಂದು ನಿಯಮ ಇತ್ತು. ಪ್ರತಿ ಪುಸ್ತಕದ ಜೊತೆ ಒಂದು ಹಳದಿ ಕಾರ್ಡು. ಅದರಲ್ಲಿ ಮನೆಯ ಹಿರಿಯರ ಸಹಿ ಆಗಬೇಕು.

"ಸಹಿ ಬರದವರು ಹೆಬ್ಬೆಟ್ಟು ಒತ್ತಬಹುದು" ಅಂತ ಮೇಷ್ಟ್ರು ಬೆಟ್ಟಿಯ ಕಡೆ ನೋಡಿ ಹೇಳಿದ್ದರು.

ಓದುವುದೇನು, ಬೆಟ್ಟಿ ಆರನ್ನೂ ಓದಿ ಮುಗಿಸಿಬಿಟ್ಟಿದ್ದಳು! ಹೊಳೆಯಿಂದ ನೀರು ತರಲು ಹೋದಾಗ ಮೆಟ್ಟಿಲ ಮೇಲೆ ಕೂತು ಓದಿದಳು. ಒಲೆ ಊದುತ್ತಾ ಓದಿದಳು. ಒಂದು ದಿನ ಮುದ್ದೆ ಸೀದು ಹೋಯಿತು. ಕಣ್ಣು ಉರಿದು ಕೆಂಪಾಗಿ, ಕ್ಲಾಸಿನಲ್ಲಿ ತೂಕಡಿಸಿ ಮೇಷ್ಟ್ರ ಕೈಲಿ ಬೈಸಿಕೊಂಡಳು. ಆದರೂ ಓದಿದಳು.

ಕಷ್ಟ ಇದ್ದದ್ದು ಅವ್ವನ ಹೆಬ್ಬೆಟ್ಟಿನದು.

ಮೊದಲ ದಿನ ಕಾರ್ಡು ಮುಂದೆ ಹಿಡಿದಾಗ ಅವ್ವ ಕೇಳಿದ್ದಳು, "ಇದ್ರಾಗೆ ಏನ್ ಬರ್ದದೆ?"

ಬೆಟ್ಟಿ ಓದಿ ಹೇಳಿದಳು: "ಈ ಪುಸ್ತಕವನ್ನು ಮಗುವು ಓದಿದ್ದನ್ನು ನಾನು ಪೂರ್ತಿಯಾಗಿ ಕೇಳಿರುತ್ತೇನೆ."

"ನಾ ಎಲ್ಲಿ ಕೇಳಿವ್ನಿ?"

"ಸುಮ್ಕೆ ಒತ್ತವ್ವ. ಎಲ್ರ ಮನೇಲೂ ಅಂಗೇ ಮಾಡ್ತಾರೆ."

"ಎಲ್ರ ಮನೆ ಸುದ್ದಿ ನಂಗ್ಯಾಕೆ? ಪೂರ್ತಿಯಾಗಿ ಅಂತ ಅದೆ. ಅಂದ್ಮ್ಯಾಕೆ ಪೂರ್ತಿಯಾಗೇ ಕೇಳ್ಬೇಕು. ಕೇಳ್ದೆ ನಾ ಒತ್ತಕಿಲ್ಲ."

ಅವ್ವನದು ಒಂದೇ ಮಾತು. ಹಿಡಿದರೆ ಉಡದ ಪಟ್ಟು.

ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ ಅಂದದ್ದೇನೂ ಸುಳ್ಳಲ್ಲ. ಬೆಟ್ಟಿಯ ಪಕ್ಕ ಕೂರುವ ಶಾಂತಕುಮಾರಿಯ ಅಪ್ಪ ಪಂಚಾಕ್ಷರಯ್ಯನವರದು ಪೇಟೆಯಲ್ಲಿ ಕೊಬ್ಬರಿ ಮಂಡಿ. "ನಮ್ಮಪ್ಪ ಆರಕ್ಕೂ ಒಂದೇ ಸಲ ಸೈನ್ ಮಾಡ್ಕೊಟ್ರು ಕಣೇ! ಕಾರ್ಡ್ ಕಡೆ ತಿರುಗೂ ನೋಡ್ಲಿಲ್ಲ" ಅಂತ ಅವಳು ಎರಡನೇ ದಿನವೇ ಹೇಳಿ ನಕ್ಕಿದ್ದಳು. ಅವಳು ಒಳ್ಳೆಯ ಹುಡುಗಿ. ಪುಸ್ತಕಗಳನ್ನೂ ನಿಜವಾಗಿ ಓದುತ್ತಿದ್ದಳು.

ಗಿರಣಿಯ ಬಾಯ್ಲರ್ ಕೆಟ್ಟು ಎರಡು ದಿನ ರಜ ಸಿಕ್ಕಿತು ಅಂತ ಮೊದಲ ಪುಸ್ತಕ ಹೇಗೋ ಮುಗಿಯಿತು. ಅದು ಪ್ರೂಡೆನ್ಸ್ ಅನ್ನುವ ಹುಡುಗಿಯ ಕತೆ.

"ಅದೆಂತಾ ಎಸ್ರವ್ವ, ನಾಲ್ಗೇನೇ ತಿರುಗಕಿಲ್ಲ. ನಾ ಪುಟ್ಟಿ ಅಂತೀನಿ" ಅಂದಳು ಅವ್ವ.

ಪುಟ್ಟಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಹೋದಳು. ಹಡಗಿನ ಬಾಡಿಗೆಗೆ ದುಡ್ಡಿಲ್ಲದವರು ಒಂದು ಕರಾರು ಕಾಗದಕ್ಕೆ ಗುರುತು ಹಾಕಬೇಕಾಗಿತ್ತು. ಹಾಕಿದರೆ ಅಲ್ಲಿ ಏಳು ವರ್ಷ ಒಬ್ಬ ಯಜಮಾನನ ಮನೆಯಲ್ಲಿ ದುಡಿಯಬೇಕು. ಪುಟ್ಟಿಯೂ ಒಂದು ಗುರುತು ಹಾಕಿ, ಏಳು ವರ್ಷ ಆ ಮನೆಯಲ್ಲಿ ಪಾತ್ರೆ ಉಜ್ಜಿದಳು.

ಆ ಪುಟವನ್ನು ಅವ್ವ ಮೂರು ಸಲ ಓದಿಸಿದಳು.

"ಆ ಮಗೀಗೆ ಓದಕ್ ಬತ್ತಿತ್ತಾ?"

"ಇಲ್ಲವ್ವ."

"ಅದ್ರಾಗ್ ಏನದೆ ಅಂತ ಯಾರಾರ ಯೋಳಿದ್ರಾ ಅವ್ಳಿಗೆ?"

"ಅದನ್ನ ಪುಸ್ತಕದಲ್ಲಿ ಬರ್ದಿಲ್ಲ."

"ಊಂ" ಅಂದಳು ಅವ್ವ. ಆಮೇಲೆ ಬೆರಳಿಗೆ ಮಸಿ ಹಚ್ಚಿಕೊಂಡು, ಮೈಭಾರವೆಲ್ಲ ಬಿಟ್ಟು ಕಾರ್ಡಿನ ಮೇಲೆ ಒತ್ತಿದಳು.

ಎರಡನೇ ಪುಸ್ತಕ ಹತ್ತು ದಿನ ಹಿಡಿಯಿತು. ಅದರಲ್ಲಿ ಕಾಡಿನ ಜನ, ಹೊಸದಾಗಿ ಬಂದ ಬಿಳಿಯರಿಗೆ ಮುಸುಕಿನ ಜೋಳ ಬೆಳೆಯುವುದನ್ನು ಹೇಳಿಕೊಡುತ್ತಾರೆ. ಗುಂಡಿಗೆ ಒಂದು ಮೀನು ಹಾಕಿ, ಮೇಲೆ ಬೀಜ ಹಾಕುತ್ತಾರೆ. "ಮೀನಿನ ಗೊಬ್ರ ಒಳ್ಳೇದೇ ಕಣ" ಅಂತ ಅವ್ವ ಒಪ್ಪಿಕೊಂಡಳು. ಆಮೇಲೆ, "ಅಲ್ಲಾ, ಆ ಜಾಗ ಅವ್ರದ್ದೇ ಅಂದ್ಮ್ಯಾಕೆ ಇವ್ರ್ ಯಾಕ್ ಬಂದ್ರು ಅಲ್ಲೀಗೆ?" ಅಂದಳು. ಬೆಟ್ಟಿಗೆ ಉತ್ತರ ಹೊಳೆಯುವಷ್ಟರಲ್ಲಿ ಅವ್ವನಿಗೆ ನಿದ್ದೆ ಬಂದಿತ್ತು.

ಈಗ ಮಂಗಳವಾರ. ಶನಿವಾರ ವ್ಯಾನು ಬರುತ್ತದೆ. ಇನ್ನೂ ನಾಲ್ಕು ಕಾರ್ಡು ಖಾಲಿ.

ಬೆಟ್ಟಿ ಅವ್ವನನ್ನು ನೋಡಿದಳು. ಅವ್ವನ ಬಲಗೈ ಮಡಿಲಿನಿಂದ ಜಾರಿ ನೆಲದ ಮೇಲೆ ಬಿದ್ದಿತ್ತು, ಅಂಗೈ ಮೇಲಾಗಿ. ಆಚೆ ನೆರಳಿನಲ್ಲಿ ಅವ್ವನ ಜೊತೆ ಕೂಲಿ ಮಾಡುವ ನಂಜಮ್ಮನೂ ಉಳಿದ ಹೆಂಗಸರೂ ಸೆರಗು ಹೊದ್ದು ಮಲಗಿದ್ದರು.

ಚೀಲದಲ್ಲಿ ಮಸಿಕುಡಿಕೆ ಇತ್ತು.

ನಾನು ಓದಿದ್ದೇನಲ್ಲ, ಅಂದುಕೊಂಡಳು ಬೆಟ್ಟಿ. ಓದದೆ ಸುಳ್ಳು ಹೇಳಿದರೆ ತಪ್ಪು. ಓದಿದ್ದೇನೆ. ಒಂದೊಂದು ಅಕ್ಷರವನ್ನೂ ಓದಿದ್ದೇನೆ. ಅವ್ವನಿಗೆ ನಿದ್ದೆ ಬಂದರೆ ನಾನೇನು ಮಾಡಲಿ?

ಬಟ್ಟೆಯ ತುದಿಯನ್ನು ಮಸಿಯಲ್ಲಿ ಅದ್ದಿ, ಅವ್ವನ ಹೆಬ್ಬೆರಳಿಗೆ ಮೆಲ್ಲಗೆ ಸವರಿದಳು. ಅವ್ವನ ಬೆರಳನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬತ್ತ ಮುಟ್ಟಿ ಮುಟ್ಟಿ ಗೆರೆಗಳೆಲ್ಲ ಸವೆದು, ಅಲ್ಲಲ್ಲಿ ಸೀಳಿತ್ತು. ಒಂದು ಸೀಳಿನಲ್ಲಿ ಬತ್ತದ ಮುಳ್ಳು ಇನ್ನೂ ಸಿಕ್ಕಿಕೊಂಡಿತ್ತು.

ಒಂದು. ಎರಡು. ಮೂರು. ನಾಲ್ಕು.

ಅವ್ವ ಅಲುಗಾಡಲಿಲ್ಲ. ಗುರುತು ಮಬ್ಬಾಗಿ ಬಿತ್ತು, ಆದರೂ ಬಿತ್ತು. ಬೆಟ್ಟಿ ಕಾರ್ಡುಗಳನ್ನು ಊದುತ್ತಾ ಸ್ಕೂಲಿಗೆ ಓಡಿಹೋದಳು. ಬೆರಳನ್ನು ಒರೆಸಬೇಕಿತ್ತು ಅನ್ನುವುದು ಅವಳಿಗೆ ನೆನಪಾದದ್ದು ಅರ್ಧ ದಾರಿಯಲ್ಲಿ.

ಮಧ್ಯಾಹ್ನದ ಕ್ಲಾಸಿನಲ್ಲಿ ಮೇಷ್ಟ್ರು ಕಾರ್ಡುಗಳನ್ನು ಎಣಿಸಿದರು. ಅವರ ಮೇಜಿನ ಮೇಲೆ ಆಡಿಟ್ಟಿನ ಕಾಗದಗಳು ರಾಶಿ ಬಿದ್ದಿದ್ದವು, ಅವರೂ ಸಾಕಾಗಿ ಹೋಗಿದ್ದರು. "ಆರೂ ಆಯ್ತಾ? ಭೇಷ್" ಅಂದು ಬೋರ್ಡಿನ ಮೇಲೆ ಶಾಂತಕುಮಾರಿಯ ಹೆಸರಿನ ಕೆಳಗೆ ಬರೆದರು: ಬೆಟ್ಟಮ್ಮ.

"ಲೇ, ವ್ಯಾನಲ್ಲಿ ಕಿಟಕಿ ಪಕ್ಕ ನಾವಿಬ್ರೇ ಕೂರೋಣ!" ಅಂದಳು ಶಾಂತಕುಮಾರಿ.

"ಊಂ" ಅಂದಳು ಬೆಟ್ಟಿ. ಖುಷಿ ಆಗಬೇಕಿತ್ತು. ಬೋರ್ಡಿನ ಕಡೆ ತಿರುಗಿ ನೋಡದೆ ಪುಸ್ತಕ ಚೀಲಕ್ಕೆ ತುಂಬಿದಳು.

ಸಂಜೆ ಅವ್ವ ಮನೆಗೆ ಬಂದಳು. ಕಾಲು ತೊಳೆದುಕೊಂಡಳು. ಒಲೆ ಹಚ್ಚಿದಳು. ಮುದ್ದೆ ಕಟ್ಟಿದಳು. ಬೆಟ್ಟಿ ಅವ್ವನ ಕೈ ನೋಡದೆ ಇರಲು ಎಷ್ಟೋ ಪ್ರಯತ್ನ ಮಾಡಿದಳು. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗಾರೆಗೆ ಉಜ್ಜಿಯೋ ಬೂದಿ ಹಾಕಿಯೋ ತೊಳೆದಿರಬೇಕು. ಆದರೆ ಸೀಳುಗಳ ಒಳಗೆ ನೀಲಿ ಹಾಗೇ ಉಳಿದಿತ್ತು.

ಅವ್ವ ಬೈದರೆ ಸಾಕಪ್ಪ, ಎರಡು ಏಟು ಕೊಟ್ಟುಬಿಟ್ಟರೆ ಸಾಕಪ್ಪ ಅನ್ನಿಸಿತು. ಅವ್ವ ಬೈಯಲಿಲ್ಲ. ಊಟಕ್ಕೆ ಇಟ್ಟು, ಎದುರಿಗೆ ಕೂತು, ಹೆಬ್ಬೆರಳನ್ನು ದೀಪಕ್ಕೆ ಹಿಡಿದಳು.

"ಏನ್ ಬರ್ದಿತ್ತು ಅದ್ರಾಗೆ? ಇನ್ನೊಂದ್ ಸಲ ಯೋಳು."

ಬೆಟ್ಟಿ ತಟ್ಟೆ ನೋಡುತ್ತಾ ಅಂದಳು, "ಪೂರ್ತಿಯಾಗಿ... ಕೇಳಿರುತ್ತೇನೆ."

"ಎಷ್ಟು ಒತ್ತುಸ್ಕೊಂಡೆ?"

"ನಾಕು."

ಅವ್ವ ಬೆರಳನ್ನು ದೀಪದ ಮುಂದೆ ಹಾಗೇ ಹಿಡಿದಿದ್ದಳು. ಬೆಟ್ಟಿಗೆ ಅದನ್ನು ತಾಳಲಾಗಲಿಲ್ಲ. "ನಾ ಓದಿವ್ನಿ ಕಣವ್ವ, ಆಣೆಗೂ ಓದಿವ್ನಿ! ನೀ ಮಲಗ್ಬುಡ್ತೀಯ. ದಿನಾ ಮಲಗ್ಬುಡ್ತೀಯ. ನಾ ಏನ್ ಮಾಡ್ಲಿ?" ಅಂತ ಅತ್ತುಬಿಟ್ಟಳು.

"ನೀ ಓದಿದ್ದೀಯ. ನಂಗೊತ್ತಿಲ್ವಾ?" ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿನ್ನಷ್ಟೇ ಇದ್ದೆ ನಾನು. ಮಲ್ಲಿಪಟ್ಟಣದ ತಾವ ಒಂದು ದೊಡ್ಡ ಮನೆಗೆ ನನ್ನ ಜೀತಕ್ಕೆ ಬುಟ್ರು. ಒಂದೇ ವರ್ಸ ಅಂತ ಯೋಳಿದ್ರು. ನಮ್ಮಪ್ಪ ದ್ಯಾವಯ್ಯ ಕಾಗ್ದಕ್ಕೆ ಹೆಬ್ಬೆಟ್ಟು ಒತ್ದ. ವರ್ಸ ಆದ್ಮ್ಯಾಕೆ ಕರ್ಕೊಂಡ್ ಓಗಕ್ಕೆ ಬಂದ. ಕಾಗ್ದದಾಗೆ ನಾಕ್ ವರ್ಸ ಅಂತ ಬರ್ದದೆ ನೋಡು ಅಂದ್ರು. ಏನ್ ನೋಡಾನು ಅವ್ನು? ಓದಕ್ ಬಂದಿದ್ರೆ ತಾನೇ?"

"ತಾತ ಮಲಗಿದ್ನಾ?" ಬೆಟ್ಟಿ ಮೆಲ್ಲಗೆ ಕೇಳಿದಳು.

"ಇಲ್ಲ ಮಗ. ಎಚ್ಚರಾಗೇ ಇದ್ದ. ಆದ್ರೂ ನಿದ್ದೇಲಿ ಒತ್ದಂಗೇ ಆಯ್ತು."

ಅವ್ವ ಬೆರಳನ್ನು ಸೀರೆಗೆ ಒರೆಸಿಕೊಂಡಳು. ನೀಲಿ ಹೋಗಲಿಲ್ಲ.

"ಉಣ್ಣು. ಆರೋಯ್ತದೆ" ಅಂದಳು.

ಬೆಳಿಗ್ಗೆ ಬೆಲ್ಲು ಹೊಡೆಯುವ ಮೊದಲೇ ಬೆಟ್ಟಿ ಮೇಷ್ಟ್ರ ಮೇಜಿನ ಮುಂದೆ ನಿಂತಿದ್ದಳು.

"ಸಾ, ನನ್ನ ನಾಕು ಕಾರ್ಡು ವಾಪಸ್ ಕೊಡಿ ಸಾ."

"ಯಾಕಮ್ಮ? ಓದಿಲ್ವಾ?"

"ಓದಿವ್ನಿ ಸಾ. ಅವ್ವ ಕೇಳಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಕಾರ್ಡಿನ ಮಬ್ಬು ಗುರುತುಗಳನ್ನು ನೋಡಿದರು. ಅವಳ ಮುಖ ನೋಡಿದರು. "ಓದಿದ್ದೀಯಲ್ಲ, ಅಷ್ಟು ಸಾಕು ಬಿಡು. ಯಾರು ಕೇಳ್ತಾರೆ ಈಗ?"

ಬೆಟ್ಟಿ ತಲೆ ಅಲ್ಲಾಡಿಸಿದಳು. ಬಾಯಿ ಬಿಟ್ಟರೆ ಎಲ್ಲಿ ಹೂಂ ಅಂದುಬಿಡುತ್ತೇನೋ ಅಂತ ಅವಳಿಗೆ ಭಯ.

ಮೇಷ್ಟ್ರು ನಾಲ್ಕು ಕಾರ್ಡನ್ನೂ ಅವಳ ಕೈಗೆ ಕೊಟ್ಟು, ಎದ್ದು ಹೋಗಿ ಬೋರ್ಡಿನಿಂದ ಅವಳ ಹೆಸರನ್ನು ಒರೆಸಿದರು. "ಶನಿವಾರ ಬೆಳಿಗ್ಗೆ ತಂದುಕೊಟ್ಟರೂ ಸರಿಯೇ" ಅಂದರು. ಶಾಂತಕುಮಾರಿ ಬೋರ್ಡನ್ನೂ ಬೆಟ್ಟಿಯನ್ನೂ ನೋಡಿ, ಏನೂ ಅರ್ಥವಾಗದೆ, ಬಳಪದ ತುಂಡೊಂದನ್ನು ಅವಳ ಕೈಗೆ ತುರುಕಿದಳು.

ಅವತ್ತು ಮಧ್ಯಾಹ್ನ ಅವ್ವ ಮರದ ಬುಡದಲ್ಲಿ ಕೂರಲೇ ಇಲ್ಲ. ನಿಂತೇ ಮುದ್ದೆ ನುಂಗಿದಳು.

"ಕೂತ್ರೆ ಕಣ್ಣು ಎಳೀತದೆ ಕಣವ್ವ. ನಾ ಕಾಲಾಡುಸ್ತೀನಿ. ನೀ ಇಂದೆ ಇಂದೆ ನಡ್ಕೊಂಡು ಓದು."

ಹಾಗೇ ಶುರುವಾಯಿತು. ಮುಂದೆ ಅವ್ವ ಸೀರೆ ಎತ್ತಿ ಕಟ್ಟಿ, ಕಾಲೆಳೆಯುತ್ತಾ ನಡೆದಳು. ಹಿಂದೆ ಬೆಟ್ಟಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಹಣೆಗೆ. ಬತ್ತ ಅಂಗಾಲಿಗೆ ಕೆಂಡದ ಹಾಗೆ ಸುಡುತ್ತಿತ್ತು. ಕಣದ ಈ ತುದಿಯಿಂದ ಆ ತುದಿಗೆ ಒಂದು ಪುಟ, ಆ ತುದಿಯಿಂದ ಈ ತುದಿಗೆ ಇನ್ನೊಂದು. ತಿರುಗುವ ಕಡೆ ಪುಟ ತಿರುಗಿಸುವುದು.

"ಏನವ್ವಾ ಮಾರಮ್ಮ, ಕಣದಲ್ಲಿ ಪುರಾಣ ಇಟ್ಟುಸ್ಕೊಂಡಿದ್ದೀಯಾ?" ಅಂತ ಚಲುವಯ್ಯ ಬಾಗಿಲಿನಿಂದ ಕೂಗಿದ.

"ಅಕ್ಕಿ ನುಚ್ಚಾದ್ರೆ ಕೇಳಿ ಸಾಮಿ" ಅಂದಳು ಅವ್ವ, ನಿಲ್ಲದೆ.

ಬುಧವಾರ ಮೂರನೆಯದು ಮುಗಿಯಿತು. ಸ್ಕೂಲು ಬಿಟ್ಟ ಮೇಲೂ ಬಂದು ಓದಿದ್ದರಿಂದ ಗುರುವಾರ ನಾಲ್ಕನೆಯದೂ ಮುಗಿದು, ಐದನೆಯದು ಅರ್ಧ ಆಯಿತು. ಮೇಣದ ಬತ್ತಿ ಮಾಡುವವರ ಕತೆ ಬಂದಾಗ ಪಕ್ಕದ ಸಾಲಿನ ನಂಜಮ್ಮನೂ ಹತ್ತಿರ ಬಂದು, "ವಸಿ ಜೋರಾಗಿ ಓದವ್ವ" ಅಂದಳು. ಬೆಟ್ಟಿಯ ಗಂಟಲು ಒಣಗಿ, ಅಂಗಾಲು ಬೊಬ್ಬೆ ಎದ್ದಿತ್ತು. ಆದರೂ ಲೆಕ್ಕ ಹಾಕಿದಳು. ಶುಕ್ರವಾರ ಐದು, ಆರು. ಆಗಿಬಿಡುತ್ತದೆ!

ಶುಕ್ರವಾರ ಮಧ್ಯಾಹ್ನಕ್ಕೆ ಸರಿಯಾಗಿ ಮೋಡ ಕವಿಯಿತು.

ಒಣಗುತ್ತಿದ್ದ ಬತ್ತಕ್ಕೆ ಮಳೆ ಬಿದ್ದರೆ ಮುಗಿಯಿತು. ಹೆಂಗಸರೆಲ್ಲ ಬತ್ತ ಎಳೆದು ರಾಶಿ ಮಾಡಲು ಓಡಿದರು. ಚಲುವಯ್ಯ ಕೂಗಿದ, ಗೋಣಿ ಸಾಲದೆ ಹೋಯಿತು, ಬೆಟ್ಟಿಯೂ ಪುಸ್ತಕ ಬಿಟ್ಟು ಬುಟ್ಟಿ ಹಿಡಿದಳು. ನಾಲ್ಕು ಹನಿ ಬಿದ್ದು ಮೋಡ ಹೋಯಿತು. ಮತ್ತೆ ಎಲ್ಲ ಬತ್ತವನ್ನೂ ಹರಡಬೇಕಾಯಿತು. ಅವತ್ತು ಒಂದು ಪುಟವೂ ಆಗಲಿಲ್ಲ.

ಸಂಜೆ ಮನೆಯಲ್ಲಿ ಅವ್ವ ಕಂಬ ಹಿಡಿದು ನಿಂತುಕೊಂಡಳು. "ಓದು. ನಿಂತ್ರೆ ನಿದ್ದೆ ಬರಕಿಲ್ಲ." ಐದನೆಯ ಪುಸ್ತಕದ ಉಳಿದ ಅರ್ಧವನ್ನು ಅವಳು ನಿಂತೇ ಕೇಳಿದಳು. ಎರಡು ಸಲ ಮಂಡಿ ಕುಸಿಯಿತು, ಎರಡು ಸಲವೂ ಕಂಬ ಹಿಡಿದು ಎದ್ದಳು. ಮುಗಿದ ಮೇಲೆ, ಮಬ್ಬು ಗುರುತಿನ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು.

"ಇನ್ನ ಎಷ್ಟದೆ?"

"ಒಂದು" ಅಂದಳು ಬೆಟ್ಟಿ.

"ನಾಳಿಕ್ಕೆ ಕೇಳ್ತೀನಿ ಬುಡವ್ವ."

"ನಾಳೆ ಬೆಳಿಗ್ಗೆನೇ ವ್ಯಾನು ಬತ್ತದೆ."

ಅವ್ವ ನೆಲಕ್ಕೆ ಕುಸಿದು ಕೂತಳು. ಕೋಳಿ ಕೂಗುವ ಮೊದಲೇ ಅವಳು ಮತ್ತೆ ಹೊರಡಬೇಕು. ಕಣ್ಣು ಮುಚ್ಚಿಹೋಗುತ್ತಿತ್ತು. ಮುಚ್ಚಿದ ಕಣ್ಣಲ್ಲೇ ಬಲಗೈ ಚಾಚಿದಳು.

"ತಾ ಇಲ್ಲಿ ಆ ಕಾರ್ಡ. ಒತ್ಬುಡ್ತೀನಿ. ಓಗ್ಬಾ ಆಸನಕ್ಕೆ."

ಬೆಟ್ಟಿ ಆ ಕೈ ನೋಡಿದಳು. ಹೆಬ್ಬೆರಳಿಗೆ ಮಸಿ ಇನ್ನೂ ಹಸಿಯಾಗಿತ್ತು. ಕಾರ್ಡು ಪುಸ್ತಕದ ಒಳಗೇ ಇತ್ತು. ವ್ಯಾನಿನ ಕಿಟಕಿ, ಹಾಸನ, ಸಿನಿಮಾ, ಮೊದಲ ಪುಟವೂ ಕೊನೆಯ ಪುಟವೂ ಇರುವ ಸ್ವಂತ ಪುಸ್ತಕ. ಎಲ್ಲವೂ ಬೇಕಿತ್ತು ಅವಳಿಗೆ. ಅತ್ತುಬಿಡುವಷ್ಟು ಬೇಕಿತ್ತು.

"ಬ್ಯಾಡ ಕಣವ್ವ" ಅಂದಳು. "ನೀ ಕೇಳಿಲ್ವಲ್ಲ."

ಬಟ್ಟೆಯ ತುದಿ ಒದ್ದೆ ಮಾಡಿಕೊಂಡು ಬಂದು, ಅವ್ವನ ಬೆರಳನ್ನು ಒರೆಸಿದಳು. ಸೀಳಿನೊಳಗೆ ಸಿಕ್ಕಿದ್ದ ಬತ್ತದ ಮುಳ್ಳನ್ನೂ ಉಗುರಿನಿಂದ ತೆಗೆದಳು. ಅಷ್ಟರಲ್ಲಿ ಅವ್ವನಿಗೆ ನಿದ್ದೆ ಬಂದಿತ್ತು.

ಶನಿವಾರ ವ್ಯಾನು ಬಂತು. ಆರೂ ಪುಸ್ತಕ ವಾಪಸ್ಸು ಕೊಟ್ಟಾಯಿತು. ಮೇಷ್ಟ್ರ ಹತ್ತಿರ ಇದ್ದ ಎರಡೂ ಸೇರಿ ಐದು ಕಾರ್ಡಾಯಿತು. ವ್ಯಾನಿನವರು ಅದನ್ನು ನೋಡಿ, "ಒಂದು ಕಮ್ಮಿ ಆಯ್ತಲ್ಲಮ್ಮ" ಅಂದರು. "ಊಂ ಸಾ" ಅಂದಳು ಬೆಟ್ಟಿ. ಶಾಂತಕುಮಾರಿಯೂ ಇನ್ನಿಬ್ಬರು ಹುಡುಗರೂ ವ್ಯಾನು ಹತ್ತಿದರು. ವ್ಯಾನಿನ ಬಾಗಿಲು ಮುಚ್ಚುವುದನ್ನು ನೋಡಲು ಬೆಟ್ಟಿ ನಿಲ್ಲಲಿಲ್ಲ. ಮುದ್ದೆ ತೆಗೆದುಕೊಂಡು ಗಿರಣಿಗೆ ನಡೆದಳು.

ಕಣದಲ್ಲಿ ಬಿಸಿಲು ರಣಗುಟ್ಟುತ್ತಿತ್ತು. ಅವ್ವ ಅವಳನ್ನು ನೋಡಿದಳು, ಅವಳ ಖಾಲಿ ಕೈ ನೋಡಿದಳು.

"ಪುಸ್ತಕ?"

"ತಕೊಂಡೋದ್ರು."

"ಕತೇನೂ ತಕೊಂಡೋದ್ರಾ?"

ಬೆಟ್ಟಿಗೆ ನಗು ಬಂತು, ಅಳುವಿನ ಜೊತೆಗೇ ಬಂತು. "ಇಲ್ಲ. ಅದು ನಂಗೆ ಬತ್ತದೆ."

"ಇನ್ನೇನ್ ಮತ್ತೆ. ನಡಿ."

ಅವ್ವ ಮುಂದೆ, ಬೆಟ್ಟಿ ಹಿಂದೆ. ಟಾಮ್ ಅನ್ನುವ ಹುಡುಗನ ಕತೆ ಅದು. ಅವನೂ ಏಳು ವರ್ಷದ ಕಾಗದಕ್ಕೆ ಗುರುತು ಹಾಕಿದವನೇ. ಆ ಕಾಗದದಲ್ಲಿ ಕರಾರನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ ಎರಡು ತುಂಡು ಮಾಡುತ್ತಾರೆ. ಒಂದು ಯಜಮಾನನ ಹತ್ತಿರ, ಇನ್ನೊಂದು ಟಾಮ್ ಹತ್ತಿರ. ಯಾರೂ ಬೇರೆ ಕಾಗದ ಬರೆದುಕೊಳ್ಳುವ ಹಾಗಿಲ್ಲ, ಬರೆದುಕೊಂಡರೆ ತುಂಡುಗಳ ಅಂಚು ಕೂಡುವುದಿಲ್ಲ. ಟಾಮ್ ತನ್ನ ತುಂಡನ್ನು ಏಳು ವರ್ಷ ಅಂಗಿಯೊಳಗೆ ಇಟ್ಟುಕೊಂಡು, ರಾತ್ರಿಯೆಲ್ಲ ಕಲಿತು ಕಲಿತು, ಅದರಲ್ಲಿ ಏನಿದೆ ಅಂತ ತಾನೇ ಓದುತ್ತಾನೆ.

ರಸ್ತೆಯಲ್ಲಿ ಹಾರನ್ ಕೇಳಿಸಿತು. ಬೇರೆ ಸ್ಕೂಲಿನ ಮಕ್ಕಳನ್ನೂ ಹತ್ತಿಸಿಕೊಂಡು ಬಂದ ಬೂದು ಬಣ್ಣದ ವ್ಯಾನು ಧೂಳೆಬ್ಬಿಸಿಕೊಂಡು ಹಾಸನದ ಕಡೆ ಹೋಯಿತು. ಕಿಟಕಿಯಿಂದ ಒಂದು ಕೈ ಜೋರಾಗಿ ಬೀಸುತ್ತಿತ್ತು. ಬೆಟ್ಟಿಯೂ ಕೈ ಬೀಸಿದಳು.

"ಆಮ್ಯಾಕೆ?" ಅಂದಳು ಅವ್ವ, ತಿರುಗಿ ನೋಡದೆ.

"ಆಮ್ಯಾಕೆ ಏಳು ವರ್ಸ ಆಯ್ತು. ಯಜಮಾನ, ಇನ್ನೂ ಒಂದು ವರ್ಸ ಅದೆ ಅಂದ. ಟಾಮ್ ತನ್ನ ತುಂಡು ತೆಗ್ದು, ಎಲ್ರ ಮುಂದೆ ಜೋರಾಗಿ ಓದ್ದ. ಆಗ ಯಜಮಾನ ತನ್ನ ತುಂಡನ್ನೂ ಅವ್ನ ಕೈಗೇ ಕೊಟ್ಬುಟ್ಟ."

"ಕೈಗೇ ಕೊಟ್ನಾ?"

"ಊಂ. ಮುಗೀತು."

ಅವ್ವ ಕಣದ ತುದಿಯಲ್ಲಿ ನಿಂತಳು. "ನಮ್ಮಪ್ಪಂಗೆ ಆ ಕಾಗ್ದ ಯಾವತ್ತೂ ಕೊಡ್ನೇ ಇಲ್ಲ ಅವ್ರು" ಅಂದಳು. ಮುಖದ ಬೆವರನ್ನು ಸೆರಗಿನಿಂದ ಒರೆಸಿಕೊಂಡು, ಕೈ ಚಾಚಿದಳು. "ಎಲ್ಲಿ, ಕಾರ್ಡ ತಾ."

"ವ್ಯಾನು ಓಯ್ತಲ್ಲವ್ವ."

"ಓದ್ರೆ ಓಗ್ಲಿ. ನಾ ಕೇಳಿದ್ನಲ್ಲ?"

ಬೆಟ್ಟಿ ಚೀಲದಿಂದ ಕೊನೆಯ ಹಳದಿ ಕಾರ್ಡು ತೆಗೆದಳು. ಮಸಿಕುಡಿಕೆಯನ್ನೂ ತೆಗೆದಳು. ಅವ್ವ ಬಾಯಿ ತೆರೆಯುವ ಮೊದಲೇ, ಕಾರ್ಡನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಮಾತಿನ ಕೆಳಗೆ ಬೆರಳು ಇಡುತ್ತಾ, ನಿಧಾನವಾಗಿ ಓದಿದಳು.

"ಈ ಪುಸ್ತಕವನ್ನು... ಮಗುವು ಓದಿದ್ದನ್ನು... ನಾನು... ಪೂರ್ತಿಯಾಗಿ... ಕೇಳಿರುತ್ತೇನೆ."

"ಸರಿ" ಅಂದಳು ಅವ್ವ.

ಮಸಿ ಹಚ್ಚಿಕೊಂಡು, ಬೆಟ್ಟಿಯ ಚೀಲದ ಮೇಲೆ ಕಾರ್ಡಿಟ್ಟು, ಬಗ್ಗಿ, ಮೈಭಾರವೆಲ್ಲ ಬಿಟ್ಟು ಒತ್ತಿದಳು. ಮಬ್ಬು ಗುರುತಿನ ಪಕ್ಕದಲ್ಲಿ ಇನ್ನೊಂದು ಗುರುತು ಬಿತ್ತು, ಸೀಳು ಸೀಳಾಗಿ, ಕಡುನೀಲಿಯಾಗಿ.

ಬೆಟ್ಟಿ ಅದನ್ನು ಗಾಳಿಗೆ ಹಿಡಿದು ಒಣಗಿಸಿದಳು. ಆಮೇಲೆ ಚೀಲದಲ್ಲಿ ಜೋಪಾನವಾಗಿ ಇಟ್ಟಳು.

"ಬಾ, ಆ ಕಡೆ ಸಾಲು ನೀ ತಕೊ" ಅಂದಳು ಅವ್ವ. "ಬಿಸಿಲು ಇಳಿಯೋಕ್ಮುಂಚೆ ಇನ್ನೊಂದ್ಸಲ ಆಗ್ಲಿ."

ಬೆಟ್ಟಿ ಲಂಗ ಎತ್ತಿ ಸಿಕ್ಕಿಸಿಕೊಂಡು, ಅವ್ವನ ಪಕ್ಕದ ಸಾಲಿಗೆ ಕಾಲಿಟ್ಟಳು.